ಕೀಲಿ ಯಾರ ಹತ್ತಿರ, ಸರ್?

ಅಕ್ಷರದ ಜೊತೆ ಕಂಪ್ಯೂಟರನ್ನೂ ಕಲಿಸಿದ ನನ್ನ ಸರ್ ಅವರಿಗೆ,

ಕುಷ್ಟಗಿಯ ನಿಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಕನ್ನಡದ ಕಾಗುಣಿತ ತಿದ್ದುವ ನಿಮ್ಮ ತಂತ್ರಾಂಶಕ್ಕೆ ನಮ್ಮ ಕಡೆಯ ಮಾತುಗಳನ್ನು ಒಂದೊಂದಾಗಿ ಸೇರಿಸುತ್ತಿದ್ದೆವಲ್ಲ, ನೆನಪಿದೆಯೇ? ‘ಮನಿ’, ‘ಸಾಲಿ’, ‘ಛಲೋ’ ಯಾವುದರ ಕೆಳಗೂ ಕೆಂಪು ಗೆರೆ ಬರಬಾರದು ಎಂಬ ಹಟ ನಿಮ್ಮದು. ಅದನ್ನು ನಡೆಸುವ ಸೋರ್ಸ್ ಕೋಡನ್ನೂ ಯಾರು ಬೇಕಾದರೂ ತಿದ್ದಲೆಂದು ಎಲ್ಲರಿಗೆ ಬಿಟ್ಟುಕೊಟ್ಟಿರಿ. “ಇದಕ್ಕ ಕೀಲಿ ಹಾಕಬ್ಯಾಡವಾ, ಬೇಕಾದವ್ರು ಒಳಗ ಬಂದು ನೋಡ್ಲಿ” ಎಂದು ನನ್ನ ಕೈಗೆ ಒಪ್ಪಿಸಿ ಹೋದಿರಿ. ನಾನು ಮಾಡಿದ್ದನ್ನು ಕೇಳಿದರೆ...

ನಿಮ್ಮ ತಿಥಿ ಮುಗಿದ ವಾರವೇ ಬೆಂಗಳೂರಿನ ಕಂಪನಿಯೊಂದರಿಂದ ಫೋನ್ ಬಂತು. “ಇನ್ಮೇಲೆ ನಾವು ನೋಡ್ಕೋತೀವಿ. ಕೀಲಿ ನಮ್ಮ ಹತ್ರ ಇರುತ್ತೆ, ಅಷ್ಟೇ” ಎಂದರು ಅಲ್ಲಿನ ಮೇಡಂ ಒಬ್ಬರು. ನಮ್ಮ ಕಡೆ ಕೀಲಿ ಎಂದರೆ ಬಾಗಿಲಿಗೆ ಹಾಕುವ ಬೀಗ, ತೆಗೆಯುವುದು ಕೀಲಿಕೈ. ಬೀಗ ಅವರ ಬಳಿ ಇದ್ದರೆ ಇರಲಿ, ನಮ್ಮ ಬಾಗಿಲು ತೆರೆದೇ ಇರುತ್ತದೆ ಎಂದು ಹೂಂಗುಟ್ಟಿ, ಕಳಿಸಿದ ಕಾಗದಕ್ಕೆ ಸಹಿಯನ್ನೂ ಹಾಕಿದೆ. ಅವರು ಹೇಳಿದ್ದು ಕೀಲಿಕೈ, ಸರ್. ನಿಮ್ಮ ಶಿಷ್ಯೆಗೆ ಅಷ್ಟೂ ಹೊಳೆಯಲಿಲ್ಲ. ಈ ವರ್ಷದಿಂದ ಸೋರ್ಸ್ ಕೋಡ್ ಅವರ ಗಿರಾಕಿಗಳಿಗೆ ಮಾತ್ರ.

ಹೋದ ತಿಂಗಳು ಕನಕಗಿರಿಯ ಹುಲಿಗೆಮ್ಮಜ್ಜಿಯ ಬೀಸುಕಲ್ಲಿನ ಹಾಡುಗಳನ್ನು ಪುಸ್ತಕ ಮಾಡಲು ಕೂತಿದ್ದೆ. ಕಂಪನಿಯ ಹೊಸ ಆವೃತ್ತಿ ‘ಮನಿ’ಯನ್ನೆಲ್ಲ ತಾನೇ ‘ಮನೆ’ ಮಾಡಿಬಿಟ್ಟಿತು. ಗಮನಿಸದೆ ಅಜ್ಜಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ, “ಛಲೋ ಐತಿ. ಯಾರ ಹಾಡವಾ ಇದು?” ಎಂದಳು. ಒಳಹೊಕ್ಕು ಸರಿಪಡಿಸೋಣವೆಂದರೆ ಬಾಗಿಲು ಮುಚ್ಚಿದೆ. ಕಂಪನಿಗೆ ಬರೆದರೆ, ನಿಮ್ಮ ಬೇಡಿಕೆ ಪರಿಶೀಲನೆಯಲ್ಲಿದೆ ಎಂಬ ಉತ್ತರ. ನಮ್ಮ ಮಾತು ನಮಗೆ ಕೊಡಿ ಎಂದು ಅರ್ಜಿ ಹಾಕಬೇಕೇ?

ನಿಮ್ಮ ಹಳೆಯ ಕಂಪ್ಯೂಟರ್ ಹುಡುಕಿ ತೆಗೆದೆ. ಕೊನೆಯ ತೆರೆದ ಪ್ರತಿ ಅದರಲ್ಲಿ ಹಾಗೇ ಇತ್ತು. ಒಮ್ಮೆ ಎಲ್ಲರಿಗೆಂದು ಕೊಟ್ಟದ್ದನ್ನು ವಾಪಸು ಪಡೆಯುವಂತಿಲ್ಲ ಎಂದು ಅದರ ಪರವಾನಗಿಯಲ್ಲೇ ಇದೆ. ನೀವಿಟ್ಟ ಹೆಸರು ಈಗ ಕಂಪನಿಯದು. ಬೇರೆ ಹೆಸರಿಟ್ಟು ಮೊನ್ನೆ ಅದನ್ನು ಮತ್ತೆ ಎಲ್ಲರಿಗೂ ತೆರೆದಿಟ್ಟೆ. ಅಜ್ಜಿಯ ಪುಸ್ತಕ ‘ಮನಿ’ಯೊಂದಿಗೇ ಅಚ್ಚಿಗೆ ಹೋಗಿದೆ.

ನಿನ್ನೆ ಮೊದಲ ತಿದ್ದುಪಡಿ ಬಂತು, ತಾವರಗೇರಾದ ಟೀಚರ್ ಒಬ್ಬರಿಂದ. “ಉಳ್ಳಾಗಡ್ಡಿ ಒಳಗ ಒಂದು ಒತ್ತು ಬಿಟ್ಟೈತ್ರಿ.” ನಿಮ್ಮ ಕೈಬರಹದ ಪಟ್ಟಿ ತೆಗೆದು ‘ಈರುಳ್ಳಿ’ಯ ಎದುರು ನೋಡಿದೆ, ‘ಉಳಾಗಡ್ಡಿ’ ಎಂದಿತ್ತು. ಬಿಟ್ಟದ್ದು ನೀವೇ. ನಿಮ್ಮ ಒಂದಕ್ಷರವನ್ನೂ ಯಾರೂ ಮುಟ್ಟಬಾರದೆಂದು ಇಷ್ಟು ದಿನ ಒದ್ದಾಡಿದವಳು ನಾನು. ಎರಡು ಸಲ ಎದ್ದುಹೋಗಿ ನೀರು ಕುಡಿದು ಬಂದೆ. ಆಮೇಲೆ ನೀವು ಬರೆದದ್ದನ್ನು ಅಳಿಸಿ, ಅವರು ಬರೆದದ್ದನ್ನು ಸೇರಿಸಿದೆ, ಸರ್.

ನಿಮ್ಮ
ಗಿರಿಜಾ