ಅಪ್ಪನ ಬಣ್ಣದ ಹುಚ್ಚು

ಅಪ್ಪಾ,

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿಂದೇ ಹೊರಡಿ. ಬೋಗಾದಿಯ ನಾಟಕದ ಮೇಷ್ಟ್ರು ಹನ್ನೊಂದಕ್ಕೆ ಬರಹೇಳಿದ್ದಾರೆ. ಮೇಕಪ್ ತರಬೇತಿಗೆ ಸೇರಿಸಿಕೊಳ್ಳುವ ಮೊದಲು ನಿಮ್ಮ ಕೈ ಹೇಗಿದೆ ಅಂತ ನೋಡುತ್ತಾರಂತೆ.

ಕಂಡಕ್ಟರ್ ಆಗಿ ಜನರ ಮುಖ ನೋಡೀ ನೋಡೀ ಹತ್ತಿದ ಹುಚ್ಚು ಇದು ಅಂದವರು ನೀವೇ. ಊರೆಲ್ಲ ವಿಚಾರಿಸಿ ಜಾಗ ಹುಡುಕಿದವಳು ನಾನು. ಈಗ "ರಿಟೈರ್ ಆದ್ಮೇಲೆ ಇದೆಲ್ಲ ಯಾಕಮ್ಮ, ಬುಟ್‌ಬುಡು" ಅಂದರೆ ನಿಮಗೆ ಏನು ಹೇಳಲಿ?

ನನ್ನ ಲಿಪ್‌ಸ್ಟಿಕ್ ಮುಟ್ಟಬೇಡಿ. ಮೊನ್ನೆ ಅದರಲ್ಲೇ ಕೆನ್ನೆ ಮೇಲೆ ಗಾಯ ಬರೆದುಕೊಂಡು ಮೊಸರು ತರಲು ಹೋದಿರಿ. ಎದುರುಮನೆ ಪ್ರೇಮಮ್ಮ "ಅಯ್ಯೋ, ಚಿಕ್ಕಯ್ಯನವ್ರಿಗೆ ಆಕ್ಸಿಡೆಂಟ್ ಆಗ್‌ಬುಟ್ಟದೆ!" ಅಂತ ಇಡೀ ಬೀದಿ ಸೇರಿಸಿದರು. ನಾನು ಆಫೀಸಿನಿಂದ ಅಳುತ್ತಾ ಓಡಿಬಂದರೆ ನೀವು ಕೇಳಿದ್ದೇನು? "ಅಷ್ಟು ಚೆನ್ನಾಗಿ ಬಂದಿತ್ತಾ?"

ಬಣ್ಣ ಹಚ್ಚಲು ಒಬ್ಬರನ್ನು ಜೊತೆಗೆ ಕರೆತರಬೇಕಂತೆ. ಅಮ್ಮ ಸುತರಾಂ ಒಪ್ಪಲಿಲ್ಲ. ಆಫೀಸಿನಲ್ಲಿ ಅರ್ಧ ದಿನ ರಜೆ ಹೇಳಿ ನಾನೇ ನೇರ ಅಲ್ಲಿಗೆ ಬರುತ್ತೇನೆ. ಮುದುಕಿ ಮಾಡ್ತೀರೋ, ರಾಕ್ಷಸಿ ಮಾಡ್ತೀರೋ, ನಿಮ್ಮಿಷ್ಟ. ಬಾಗಿಲವರೆಗೆ ಬಂದು ವಾಪಸ್ ಹೋಗಬೇಡಿ, ಅಷ್ಟೇ. ಕೈ ನಡುಗಿದರೆ ನಡುಗಲಿ ಅಪ್ಪಾ, ಮುಖ ನನ್ನದು ತಾನೆ.

ಗಗನ