ಗುಳ್ಳೆಯ ಬಾಲ

ಭಾನುವಾರ, ಊಟದ ನಂತರ

ಪರಮಪೂಜ್ಯ ಅಕ್ಕನವರ ಪಾದಗಳಿಗೆ, ಚಪ್ಪಲಿ ಬಿಚ್ಚಿಟ್ಟಿದ್ದರೆ ಮಾತ್ರ, ನಮಸ್ಕಾರ.

ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡಿದ್ದೀಯಂತೆ, ಅಮ್ಮ ಹೇಳಿದಳು. ಕ್ಷಮೆಯಿರಲಿ. ನಿನ್ನ ತಮ್ಮ ಈಗ ಸಾಮಾನ್ಯ ಮನುಷ್ಯನಲ್ಲ, ವಿಮರ್ಶಕ. ವಿಮರ್ಶಕರು ಬೇಗ ಬರೆದರೆ ಓದದೇ ಬರೆದರು ಅಂತಾರೆ.

ಆದದ್ದಿಷ್ಟು. ಬೋರ್ಡು ಬರೆಯುವ ನನ್ನ ಗೆಳೆಯ ಗೂಬೆ, ಅವನ ಪಕ್ಕದ ಮನೆಯ ಟೀಚರಮ್ಮ ಸೇರಿ ಒಂದು ಗ್ರಾಫಿಕ್ ಕಾದಂಬರಿ ಮಾಡಿದ್ದಾರೆ. ಚಿತ್ರ ಇವನದು, ಮಾತು ಅವಳದು. "ಅಚ್ಚಿಗೆ ಹೋಗೋ ಮುಂಚೆ ನೀನೊಂದ್ಸಲ ಓದಿ ತಪ್ಪು ಹುಡುಕೋ" ಅಂದರು. ಅದನ್ನು ನನಗೆ ಹೇಳಿಕೊಡಬೇಕೆ? ಅಪ್ಪನ ಹಳೇ ಕೋಟು ತೊಟ್ಟು, ಕಿವಿಗೆ ಕೆಂಪು ಪೆನ್ಸಿಲ್ ಸಿಕ್ಕಿಸಿ, ಗೂಬೆಯ ಅಂಗಡಿಯ ಬಣ್ಣದ ಡಬ್ಬದ ಮೇಲೆ ಆಸೀನನಾದೆ.

"ಘನಸಭೆಗೆ ತಿಳಿಯಪಡಿಸುವುದೇನೆಂದರೆ, ಈ ನಾಯಿಗೆ ಐದು ಕಾಲು."

"ಅದು ಬಾಲ ಕಣೋ," ಅಂದ ಗೂಬೆ.

"ಮಳೆ ಎಲ್ಲರ ಮೇಲೂ ಬೀಳ್ತಿದೆ, ಪೋಸ್ಟ್‌ಮ್ಯಾನ್ ಮಾತ್ರ ಗರಿಗರಿ ಒಣಗಿದ್ದಾನೆ."

"ಒಪ್ಪಿದೆ. ನೆನೆಸ್ತೀನಿ."

ಟೀಚರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಆಸ್ಪತ್ರೆಯ ಪುಟ ಬಂತು. ಒಳಗೆ ಅಪ್ಪನಿಗೆ ಆಪರೇಷನ್. ಹೊರಗೆ ಮೆಟ್ಟಿಲ ಮೇಲೆ ಅಮ್ಮ ಚೀಲ ಹಿಡಿದು ಕೂತಿದ್ದಾಳೆ, ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ತಮ್ಮ ನರ್ಸಮ್ಮನ ನಡಿಗೆಯನ್ನು ಅಣಕಿಸುತ್ತಿದ್ದಾನೆ. ನಮ್ಮದೇ ಕತೆ. ಗೂಬೆಯೂ ಅವತ್ತು ಫ್ಲಾಸ್ಕ್ ಹಿಡಿದು ಅಲ್ಲೇ ಇದ್ದನಲ್ಲ. ಬೇಜಾರಿಲ್ಲ, ನನ್ನ ಮೂಗನ್ನು ಇರುವುದಕ್ಕಿಂತ ಚೆನ್ನಾಗಿ ಬರೆದಿದ್ದಾನೆ.

ಆದರೆ ಆ ಚಿತ್ರದಲ್ಲಿ ಒಂದೇ ಒಂದು ಮಾತಿನ ಗುಳ್ಳೆ ಇದೆ. ಗುಳ್ಳೆಗೊಂದು ಬಾಲ ಇರುತ್ತದೆ ನೋಡು, ಅದು ಯಾರ ಬಾಯಿಯ ಕಡೆ ತಿರುಗಿದೆಯೋ ಮಾತು ಅವರದು. ಗುಳ್ಳೆಯೊಳಗೆ "ನಂಗೆ ಭಯ ಆಗ್ತಿದೆ" ಅಂತಿದೆ. ಬಾಲ ತಮ್ಮನ ಕಡೆ!

ಕೆಂಪಗೆ ಸುತ್ತು ಹಾಕಿದೆ. "ಬಾಲ ತಪ್ಪಿದೆ. ಇದು ಅಕ್ಕನ ಮಾತು. ಇವನು ನಗಿಸ್ತಿದ್ದಾನೆ, ಇವನಿಗೆಂಥ ಭಯ?"

ಗೂಬೆ ಬ್ರಷ್ ತೊಳೆಯುತ್ತಲೇ, "ಅದು ತಪ್ಪಲ್ವೋ," ಅಂದ. "ನೀನೇ ಹೇಳಿದ್ದು. ನರ್ಸಮ್ಮನ ಥರ ಸೊಂಟದ ಮೇಲೆ ಕೈಯಿಟ್ಟು, ಅವಳ ದನೀಲೇ ಅಂದೆ. ಅದೂ ತಮಾಷೆ ಅಂದ್ಕೊಂಡು ಎಲ್ಲರೂ ನಕ್ಕರು."

ಅಕ್ಕ, ನರ್ಸಮ್ಮನ ನಡಿಗೆ ನೆನಪಿದೆ. ಈ ಮಾತು ನೆನಪಿಲ್ಲ. ಗೂಬೆ ಸುಳ್ಳು ಹೇಳುತ್ತಿದ್ದಾನೆ ಅನ್ನೋಣವೆಂದರೆ, ತಾನು ಮನೆಯಲ್ಲಿಲ್ಲ ಅಂತ ತಾನೇ ಕಿಟಕಿಯಿಂದ ಕೂಗಿದ ಪ್ರಾಣಿ ಅದು, ಸುಳ್ಳು ಹೇಳಲು ಬಾರದು. "ಬಾಲ ಬಿಚ್ಚಬೇಡ" ಅಂತ ನೀವೆಲ್ಲ ಹುಟ್ಟಿದಾಗಿನಿಂದ ಬೈದಿರಿ. ಈಗ ನೋಡು, ಬಿಚ್ಚಿದ ಬಾಲ ನನ್ನದೋ ಅಲ್ಲವೋ ನನಗೇ ತಿಳಿಯುತ್ತಿಲ್ಲ.

ಟೀಚರಮ್ಮ, "ಮಾತು ನಿಂದು. ಬಾಲ ಯಾರ ಕಡೆ ಅಂತ ನೀನೇ ಹೇಳು, ಹಾಗೇ ಮಾಡ್ತೀವಿ. ನಾಳೆ ಅಚ್ಚಿಗೆ ಕೊಡ್ಬೇಕು," ಅಂದಳು. ನಿನ್ನ ಕಡೆ ತಿರುಗಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಗೇ ಬಿಟ್ಟರೆ, ಇಷ್ಟು ದಿನ ಮನೆಯಲ್ಲಿ ಎಲ್ಲರನ್ನೂ ನಗಿಸಿಕೊಂಡಿದ್ದವನು ಯಾರು?

ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಕೋಟಿಗೆ ಬಣ್ಣ ಮೆತ್ತಿದ್ದಕ್ಕೆ ಬೆಳಿಗ್ಗೆಯಿಂದ ಬೈಗುಳದ ಸುರಿಮಳೆ. ಡಾಕ್ಟರು ಕೇಳಿದ್ದರೆ ತಮ್ಮ ಕೆಲಸಕ್ಕೆ ತಾವೇ ಚಪ್ಪಾಳೆ ತಟ್ಟುತ್ತಿದ್ದರು. ವಯಸ್ಸಿನಲ್ಲಿ ಕಿರಿಯನಾದರೂ ಪದವಿಯಲ್ಲಿ ಹಿರಿಯನಾಗಿ ಹರಸುತ್ತೇನೆ: ನಿನ್ನ ಮಿಕ್ಸಿ ಕೆಡದಿರಲಿ, ಭಾವನ ಗೊರಕೆ ಇಳಿಯಲಿ.

ಇಂತಿ,
ವಿಮರ್ಶಕ ಸಾರ್ವಭೌಮ,
ನಿನ್ನ ತರಲೆ

ಹೇಳದೆ ಬಿಟ್ಟದ್ದು: ಕೆಂಪು ಸುತ್ತನ್ನು ರಬ್ಬರಿನಿಂದ ಉಜ್ಜಿ ಅಳಿಸಿದೆ. ಬಾಲ ಇದ್ದ ಕಡೆಯೇ ಇರಲಿ ಅಂದೆ. ಆಮೇಲೆ ಮತ್ತೆ ನೋಡಿದರೆ, ಚಿತ್ರದಲ್ಲಿ ನೀನು ಅತ್ತು ಕಣ್ಣೊರೆಸಿಕೊಳ್ಳುತ್ತಿದ್ದೀಯೋ ನಕ್ಕು ಒರೆಸಿಕೊಳ್ಳುತ್ತಿದ್ದೀಯೋ, ಗೊತ್ತಾಗುತ್ತಿಲ್ಲ. ಗೂಬೆಯನ್ನು ಕೇಳಿದರೆ "ಅದನ್ನ ಅಕ್ಕನ್ನೇ ಕೇಳು" ಅಂದ. ಅದಕ್ಕೇ ಕೇಳುತ್ತಿದ್ದೇನೆ. ಅವತ್ತು ಆ ಮಾತು ನಿನಗೆ ಕೇಳಿಸಿತ್ತಾ?