ರುಚಿ ನೋಡಿ, ಉಗಿಯಿರಿ

ರೀ,

ತಂಗಿಯ ಕೂಸನ್ನು ನೋಡಿ ಬರಲು ಹರಿಹರಕ್ಕೆ ಹೊರಟೆ. ಪೂಜೆಗೆ ಕೂತವರನ್ನು ಎಬ್ಬಿಸಬಾರದೆಂದು ಬರೆದಿಟ್ಟಿದ್ದೇನೆ.

ಪೂಜೆ ಮುಗಿದ ಕೂಡಲೇ ರೊಟ್ಟಿ, ಹೆಸರುಕಾಳು ಪಲ್ಯ ತಿಂದೇ ಬೆಲ್ಲದ ಮಂಡಿಗೆ ಹೋಗಿರಿ. ಅವತ್ತು ಬರೀ ಹೊಟ್ಟೆಯಲ್ಲಿ ಹೋಗಿ, ಬಂದ ಮಾಲನ್ನೆಲ್ಲ ಬಾಯಿಗೆ ಹಾಕಿಕೊಂಡದ್ದಕ್ಕೇ ಅಲ್ಲವೇ ಕೈಕಾಲು ನಡುಗಿ, ಬೆವತು, ಮೂಟೆಗಳ ಮೇಲೆ ಬಿದ್ದದ್ದು? "ಸಾವ್ಕಾರ್ರು ಕುಡ್ದು ಬಂದಾರೆ" ಅಂತ ಮಂಡಿಯವರು ಅಂದರಲ್ಲ, ಆ ಮಾತು ನನಗಿನ್ನೂ ಚುಚ್ಚುತ್ತಿದೆ. ನೀವೋ, ನಡುಕಕ್ಕೆ ಮದ್ದೆಂದು ಮನೆಗೆ ಬಂದು ಮತ್ತೆರಡು ಲೋಟ ಪಾನಕ ಕುಡಿದಿರಿ!

ಡಾಕ್ಟರು ಹೇಳಿದ್ದು ನೆನಪಿರಲಿ. ಸಿಹಿ ತಿಂದರೆ ನಿಮ್ಮ ರಕ್ತದ ಸಕ್ಕರೆ ಸರ್ರನೆ ಏರುತ್ತದೆ, ಆಮೇಲೆ ಅಷ್ಟೇ ಜೋರಾಗಿ ಕುಸಿಯುತ್ತದೆ. ರುಚಿ ನೋಡದೆ ಬೆಲ್ಲದ ವ್ಯಾಪಾರ ಆಗುವುದಿಲ್ಲ, ಗೊತ್ತು. ನೋಡಿ, ಉಗಿಯಿರಿ. "ಲಕ್ಷ್ಮೀನ ಯಾರಾರ ಉಗುಳ್ತಾರೇನೆ?" ಎಂದು ನಿನ್ನೆ ರೇಗಿದಿರಿ. ಲಕ್ಷ್ಮಿ ನಿಮ್ಮ ಹೊಟ್ಟೆಯೊಳಗೇ ಕೂರಬೇಕೆಂದೇನಿಲ್ಲ.

ಡಬ್ಬಿಯಲ್ಲಿ ಹುರಿದ ಶೇಂಗಾ ಇದೆ, ತಂಬಿಗೆಯಲ್ಲಿ ಮಜ್ಜಿಗೆ. ಎರಡನ್ನೂ ಮಂಡಿಗೆ ಒಯ್ದು, ಊಟಕ್ಕೆ ಮುಂಚೆ ಆಗಾಗ ಸ್ವಲ್ಪ ತೆಗೆದುಕೊಳ್ಳಿ. ನಡುಕ ಬಂದೇಬಿಟ್ಟರೆ ಮಾತ್ರ ಒಂದು ಚೂರು ಬೆಲ್ಲ, ಅದರ ಹಿಂದೆಯೇ ಒಂದು ಹಿಡಿ ಶೇಂಗಾ. ನಿಮ್ಮ ಮೇಲೆ ಕಣ್ಣಿಡಲು ತೂಕ ಮಾಡುವ ಉಜ್ಜನಪ್ಪನಿಗೂ ಹೇಳಿಟ್ಟಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡಿ.

ಈ ವಾರ ನೀವು ಒಮ್ಮೆಯೂ ನಡುಗಲಿಲ್ಲ. ನಿನ್ನೆ ನನ್ನ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿಕೊಟ್ಟಿರಿ. ನಾನು ಏನೂ ಅನ್ನಲಿಲ್ಲ, ದೃಷ್ಟಿಯಾದೀತೆಂದು.

ಸಂಜೆಯ ರೈಲಿಗೆ ಬರುತ್ತೇನೆ, ಸ್ಟೇಷನ್ನಿಗೆ ಬನ್ನಿ. ಟಾಂಗಾ ಮಾಡಬೇಡಿ. ಮಂಡಿಯ ಮುಂದಿನಿಂದಲೇ ಇಬ್ಬರೂ ನಡೆದು ಬರೋಣ. ಕುಡಿದಿದ್ದಾರೆ ಅಂದವರೆಲ್ಲ ನೋಡಲಿ.

ಸರ್ವಮಂಗಳ